ಒಕ್ಕೊರಲಿನ ಪಠಣವೂ ಒಳಗಿನ ಚಾರಿತ್ರವೂ

ಜೈನ ಟ್ರಸ್ಟುಗಳ ಆಶ್ರಯದಲ್ಲಿ ನಡೆಯುವ ವಿದ್ಯಾಲಯಗಳ ವಾರ್ಷಿಕೋತ್ಸವಗಳಲ್ಲಿಯೂ ಬಸದಿಗಳ ಪಾಠಶಾಲೆಗಳ ಸಮಾರಂಭಗಳಲ್ಲಿಯೂ ಸಾಮೂಹಿಕ ಪಠಣವೆಂಬ ಕಾರ್ಯಕ್ರಮ ಸಾಮಾನ್ಯವಾಗಿ ಇದ್ದೇ ಇರುತ್ತದೆ. ನಲವತ್ತು ಐವತ್ತು ಮಕ್ಕಳು ಸಮವಸ್ತ್ರದಲ್ಲಿ ಸಾಲಾಗಿ ನಿಂತು ಹಳಗನ್ನಡದ ಕಂದಗಳನ್ನೋ ಸಾಂಗತ್ಯದ ಪದ್ಯಗಳನ್ನೋ ಸಂಸ್ಕೃತದ ಸ್ತೋತ್ರವೊಂದನ್ನೋ ಒಂದೇ ಕೊರಳಿನಿಂದ ಹೇಳುತ್ತಾರೆ. ತಾಯಂದಿರ ಕಣ್ಣು ತುಂಬುತ್ತದೆ. ಅಧ್ಯಕ್ಷ ಪೀಠದಿಂದ ಮಾತನಾಡುವವರು, ಭಾಷಾ ತರಗತಿಗಳಲ್ಲಿ ಇಂಥ ಪಠಣವನ್ನು ನಿತ್ಯವೂ ಮಾಡಿಸಿದರೆ ಮಕ್ಕಳಲ್ಲಿ ಶೀಲವೂ ಸಂಯಮವೂ ತಾವಾಗಿಯೇ ಬೆಳೆಯುತ್ತವೆಂದು ಘೋಷಿಸುತ್ತಾರೆ. ಸಭೆ ಚಪ್ಪಾಳೆ ತಟ್ಟುತ್ತದೆ. ಮುಂದಿನ ಜೂನ್ ತಿಂಗಳ ವೇಳಾಪಟ್ಟಿಯಲ್ಲಿ ಕನ್ನಡದ ಅವಧಿಗಳ ಒಂದು ಪಾಲು ಪಠಣಾಭ್ಯಾಸಕ್ಕೆ ಮೀಸಲಾಗುತ್ತದೆ.

ಆ ಘೋಷಣೆಯನ್ನು ಯಾರೂ ಪ್ರಶ್ನಿಸುವುದಿಲ್ಲ. ಪಠಣವೆಂಬುದು ಪವಿತ್ರವಾದ ಕಾರ್ಯ, ಅದರ ಫಲವನ್ನು ಶಂಕಿಸುವುದು ಅವಿನಯವೆಂಬ ಭಾವನೆ ಬೇರೂರಿದೆ. ಆದರೆ ಶೀಲದ ವಿಷಯದಲ್ಲಿ ಜಿನಾಗಮವು ವಹಿಸಿದಷ್ಟು ಎಚ್ಚರವನ್ನು ಬೇರೆ ಯಾವ ಶಾಸ್ತ್ರ ವಹಿಸಿದೆಯೋ ತಿಳಿಯದು. ಆ ಎಚ್ಚರವನ್ನೇ ಅಳತೆಗೋಲಾಗಿ ಹಿಡಿದು ನೋಡಿದರೆ, ಒಕ್ಕೊರಲಿನ ಪಠಣದಿಂದ ಚಾರಿತ್ರ ನಿರ್ಮಾಣವಾಗುತ್ತದೆಂಬ ಮಾತು ಅರ್ಧಸತ್ಯವಾಗಿ ಕಾಣುತ್ತದೆ. ಇಂದು ಅದನ್ನು ಬಳಸುತ್ತಿರುವ ರೀತಿಯಲ್ಲಿಯಂತೂ ಅರ್ಧಸತ್ಯವೂ ಅಲ್ಲ.

ಹಾಗೆಂದು ಪಠಣವನ್ನೇ ಗಿಣಿಪಾಠವೆಂದು ಮೂಗು ಮುರಿಯುವ ನವೀನ ಶಿಕ್ಷಣತಜ್ಞರ ಪಕ್ಷವೂ ಸಾಧುವಲ್ಲ. ಕಂದಪದ್ಯವನ್ನು ಕಣ್ಣಿನಿಂದ ಓದಿದ ಮಗುವಿಗೆ ಅದರ ಒಂದನೆಯ ಮೂರನೆಯ ಪಾದಗಳಲ್ಲಿ ಹನ್ನೆರಡು, ಎರಡನೆಯ ನಾಲ್ಕನೆಯ ಪಾದಗಳಲ್ಲಿ ಇಪ್ಪತ್ತು ಮಾತ್ರೆಗಳಿವೆಯೆಂಬುದು ಪರೀಕ್ಷೆಗೆ ನೆನಪಿಡಬೇಕಾದ ಲೆಕ್ಕ ಮಾತ್ರ. ಮೂವತ್ತು ಜನ ಸಹಪಾಠಿಗಳೊಡನೆ ಬಾಯಿಬಿಟ್ಟು ಹೇಳಿದ ಮಗುವಿಗೆ ಅದು ಉಸಿರಿನ ಅನುಭವ. ಚಿಕ್ಕ ಪಾದ ಮುಗಿದು ದೊಡ್ಡ ಪಾದ ತೆರೆದುಕೊಳ್ಳುವಾಗ ಉಸಿರು ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕೆಂಬುದನ್ನು ಪಕ್ಕದವರ ಕೊರಳೇ ಕಲಿಸುತ್ತದೆ. ಅಲ್ಪಪ್ರಾಣ ಮಹಾಪ್ರಾಣಗಳ ಭೇದ, ಶಕಾರ ಸಕಾರಗಳ ಭೇದ, ಲಕಾರ ಳಕಾರಗಳ ಭೇದ ಇವೆಲ್ಲವೂ ಕಿವಿಗೆ ಹತ್ತುವುದು ಹೀಗೆಯೇ. ‘ಸಕಲ’ ಎಂದರೆ ಸಮಸ್ತ, ‘ಶಕಲ’ ಎಂದರೆ ಚೂರು. ಒಂದು ಅಕ್ಷರ ಜಾರಿದರೆ ಇಡಿಯದು ಒಡೆದು ಚೂರಾಗುತ್ತದೆ. ಕೇಶಿರಾಜ, ಭಟ್ಟಾಕಲಂಕರಂಥ ವೈಯಾಕರಣರನ್ನು ಕನ್ನಡಕ್ಕೆ ಕೊಟ್ಟ ಸಮಾಜಕ್ಕೆ ಉಚ್ಚಾರಶುದ್ಧಿಯ ಮಹತ್ವವನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಇನ್ನೂ ಒಂದು ಗುಣವಿದೆ, ಅದನ್ನು ಶಾಲೆಗಳು ಸಾಕಷ್ಟು ಗಮನಿಸಿಲ್ಲ. ಉಗ್ಗುವ ಮಗು ಒಬ್ಬಂಟಿಯಾಗಿ ಎದ್ದು ನಿಂತಾಗ ಒಂದು ಪದಕ್ಕೂ ತಡವರಿಸುತ್ತದೆ. ಅದೇ ಮಗು ಇತರರೊಡನೆ ದನಿಗೂಡಿಸಿ ಹೇಳುವಾಗ ಬಹುಮಟ್ಟಿಗೆ ತಡೆಯಿಲ್ಲದೆ ಹೇಳುತ್ತದೆ. ಇದು ವಾಕ್‌ಚಿಕಿತ್ಸಕರು ಚೆನ್ನಾಗಿ ಬಲ್ಲ ಸಂಗತಿ. ಆ ಪರಿಣಾಮ ತಾತ್ಕಾಲಿಕವೇ ಇರಬಹುದು. ಆದರೂ ದಿನಕ್ಕೆ ಹತ್ತು ನಿಮಿಷ ಯಾರ ನಗೆಗೂ ಗುರಿಯಾಗದೆ ತನ್ನ ಮಾತೃಭಾಷೆಯನ್ನು ನಿರರ್ಗಳವಾಗಿ ಆಡುವ ಸುಖ ಆ ಮಗುವಿಗೆ ದೊರೆಯುತ್ತದೆ. ನಾಚಿಕೆಯ ಮಗುವಿಗೂ, ಮನೆಯಲ್ಲಿ ತುಳುವನ್ನೋ ಮರಾಠಿಯನ್ನೋ ಮಾರವಾಡಿಯನ್ನೋ ಆಡಿ ಶಾಲೆಯಲ್ಲಿ ಕನ್ನಡಕ್ಕೆ ಹೆದರುವ ಮಗುವಿಗೂ ಒಕ್ಕೊರಲು ಒಂದು ಆಸರೆ. ತರಗತಿಯಲ್ಲಿ ಅಹಿಂಸೆಯ ಮಾತನಾಡುವವರು ಇದನ್ನು ಲಘುವಾಗಿ ಕಾಣಬಾರದು.

ಆದರೆ ಕಿವಿಯ ಸಂಸ್ಕಾರ, ನಾಲಗೆಯ ಸಂಸ್ಕಾರ, ಒಟ್ಟಿಗೆ ತೊಡಗಿ ಒಟ್ಟಿಗೆ ನಿಲ್ಲುವ ಶಿಸ್ತು ಇವು ಒಂದು ಬಗೆ, ಚಾರಿತ್ರವೆಂಬುದು ಇನ್ನೊಂದು. ಮೊದಲನೆಯದು ಎರಡನೆಯದಕ್ಕೆ ಅಂಗಳವಾಗಬಹುದು. ಅಂಗಳವನ್ನೇ ಗರ್ಭಗೃಹವೆಂದು ತೋರಿಸುವುದೇ ಇಂದಿನ ತಪ್ಪು.

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಸ್ವಾಧ್ಯಾಯವನ್ನು ಅಂತರಂಗ ತಪಸ್ಸಿನಲ್ಲಿ ಎಣಿಸಿ, ಅದನ್ನು ಐದು ಬಗೆಯಾಗಿ ಹೇಳಲಾಗಿದೆ: ವಾಚನೆ, ಪೃಚ್ಛನೆ, ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶ. ಗುರುವು ಗ್ರಂಥವನ್ನೂ ಅರ್ಥವನ್ನೂ ಕೊಡುವುದು ವಾಚನೆ. ಸಂಶಯ ಕಳೆದುಕೊಳ್ಳಲು ಕೇಳುವುದು ಪೃಚ್ಛನೆ. ತಿಳಿದುದನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಹೊರಳಿಸುವುದು ಅನುಪ್ರೇಕ್ಷೆ. ನಾಲ್ಕನೆಯದಾದ ಆಮ್ನಾಯವೇ ಉಚ್ಚಾರಶುದ್ಧಿಯೊಡನೆ ಪುನಃ ಪುನಃ ಪಠಿಸುವುದು. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಆಮ್ನಾಯಕ್ಕೆ ಇದೇ ಅರ್ಥವನ್ನು ಹೇಳಿದ್ದಾರೆ. ಶ್ವೇತಾಂಬರ ಪರಂಪರೆಯ ಉತ್ತರಾಧ್ಯಯನದಲ್ಲಿ ಕ್ರಮ ಸ್ವಲ್ಪ ಬೇರೆ. ಅಲ್ಲಿ ಪುನಃಪಠಣವು ಅನುಪ್ರೇಕ್ಷೆಗಿಂತ ಮೊದಲು, ಮೂರನೆಯ ಸ್ಥಾನದಲ್ಲಿ ಬರುತ್ತದೆ. ಬಾಯಿಪಾಠ ಮೊದಲೋ ಚಿಂತನೆ ಮೊದಲೋ ಎಂಬಲ್ಲಿ ಎರಡು ಕ್ರಮಗಳಿರಬಹುದು. ಆದರೆ ಎರಡರಲ್ಲಿಯೂ ಪೃಚ್ಛನೆಯು ಪಠಣಕ್ಕಿಂತ ಮೊದಲಿದೆ. ಶಿಷ್ಯನು ಕೇಳದೆ ಪಠಿಸುವ ಕ್ರಮ ಎಲ್ಲಿಯೂ ಇಲ್ಲ.

ಇಂದಿನ ಭಾಷಾ ತರಗತಿಯಲ್ಲಿ ನಡೆಯುವುದೇನು? ಉಪಾಧ್ಯಾಯರು ಒಮ್ಮೆ ಹೇಳಿಕೊಡುತ್ತಾರೆ, ಮಕ್ಕಳು ಹತ್ತು ಸಲ ಹೇಳುತ್ತಾರೆ. ವಾಚನೆಯಿಂದ ನೆಗೆದು ಆಮ್ನಾಯಕ್ಕೆ ಬಂದುಬಿಡಲಾಗುತ್ತದೆ. ಆ ವಾಚನೆಯೂ ಅರ್ಥವಿಲ್ಲದ ಅರೆವಾಚನೆ. ನಡುವಿನದನ್ನು ಬಿಟ್ಟದ್ದೇಕೆಂದು ಕೇಳಿದರೆ ಸಮಯ ಸಾಲದೆಂಬ ಉತ್ತರ ಬರುತ್ತದೆ. ಪ್ರಶ್ನೆ ಕೇಳುವ ಮಗು ಸಾಲನ್ನು ಕೆಡಿಸುತ್ತದೆ, ತಾಳವನ್ನು ಮುರಿಯುತ್ತದೆ. ಪ್ರದರ್ಶನದ ದೃಷ್ಟಿಯಿಂದ ಅದು ಅಡ್ಡಿಯೇ ಸರಿ. ಜ್ಞಾನಾಚಾರದ ಎಂಟು ಅಂಗಗಳಲ್ಲಿ ಅಕ್ಷರಶುದ್ಧಿ, ಅರ್ಥಶುದ್ಧಿ, ಎರಡೂ ಕೂಡಿದ ಶುದ್ಧಿ ಎಂದು ಮೂರನ್ನು ಪ್ರತ್ಯೇಕವಾಗಿ ಹೇಳಿದ್ದಾರಲ್ಲ, ಅಕ್ಷರಶುದ್ಧಿಯೊಂದೇ ಸಾಕಾಗಿದ್ದರೆ ಉಳಿದೆರಡನ್ನು ಹೇಳುವ ಶ್ರಮವನ್ನು ಆಚಾರ್ಯರು ಏಕೆ ವಹಿಸುತ್ತಿದ್ದರು?

ಈ ವಾದಕ್ಕೆ ಎದುರಾಗಿ ಶಿವಭೂತಿ ಮುನಿಯ ಉದಾಹರಣೆಯನ್ನು ಮುಂದಿಡುವವರುಂಟು. ‘ತುಷ ಮಾಷ’ ಎಂದು ಉರುಹೊಡೆಯುತ್ತಲೇ ಆತನು ಕೇವಲಜ್ಞಾನವನ್ನು ಪಡೆದನಲ್ಲವೇ, ಪಠಣಮಾತ್ರಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣ ಬೇಕೇ ಎನ್ನುತ್ತಾರೆ. ಕುಂದಕುಂದಾಚಾರ್ಯರು ಆ ಪ್ರಸಂಗವನ್ನು ಉಲ್ಲೇಖಿಸಿರುವುದು ಭಾವಪಾಹುಡದಲ್ಲಿ ಎಂಬುದನ್ನು ಮಾತ್ರ ಅವರು ಮರೆಯುತ್ತಾರೆ. ಆ ಗ್ರಂಥದ ಹೆಸರೇ ಭಾವವನ್ನು ಸಾರುತ್ತದೆ. ಗುರು ಹೇಳಿಕೊಟ್ಟ ಪಾಠವನ್ನು ನೆನಪಿನಲ್ಲಿ ಉಳಿಸಿಕೊಳ್ಳಲಾರದ ಮಂದಮತಿ ಶಿವಭೂತಿ. ಉದ್ದಿನ ಬೇಳೆಯನ್ನು ಸಿಪ್ಪೆಯಿಂದ ಬೇರ್ಪಡಿಸುವುದನ್ನು ಕಂಡಾಗ, ದೇಹ ಬೇರೆ ಆತ್ಮ ಬೇರೆ ಎಂಬ ಅರ್ಥ ಅವನೊಳಗೆ ಹೊಳೆಯಿತು. ಪಠಣದಲ್ಲಿ ಸೋತು ಅರ್ಥದಲ್ಲಿ ಗೆದ್ದವನು ಅವನು. ಇಂದಿನ ಕಂಠಪಾಠ ಸ್ಪರ್ಧೆಗೆ ಅವನು ಬಂದಿದ್ದರೆ ಸಮಾಧಾನಕರ ಬಹುಮಾನವೂ ದೊರೆಯುತ್ತಿರಲಿಲ್ಲ.

ಪುರಾಣಗಳಲ್ಲಿ ಇದಕ್ಕಿಂತ ತೀಕ್ಷ್ಣವಾದ ಒಂದು ನಿದರ್ಶನವಿದೆ. ಜಿನಸೇನರ ಹರಿವಂಶಪುರಾಣ, ರವಿಷೇಣರ ಪದ್ಮಪುರಾಣ ಮೊದಲಾದವುಗಳಲ್ಲಿ ಬರುವ ಕ್ಷೀರಕದಂಬನ ಪಾಠಶಾಲೆಯ ಕಥೆ ಅದು. ಒಬ್ಬನೇ ಗುರು, ಅವನ ಬಳಿ ಮೂವರು ಶಿಷ್ಯರು. ರಾಜಕುಮಾರ ವಸು, ಗುರುಪುತ್ರ ಪರ್ವತ, ನಾರದ. ಮೂವರೂ ಕೂಡಿ ಕಲಿತರು, ಒಂದೇ ವಾಕ್ಯಗಳನ್ನು ಒಂದೇ ಸ್ವರದಲ್ಲಿ ಪಠಿಸಿದರು. ಗುರು ದೀಕ್ಷೆ ವಹಿಸಿ ಹೋದ ಬಳಿಕ ಪರ್ವತನು ಗುರುಪೀಠದಲ್ಲಿ ಕುಳಿತು, ‘ಅಜ’ಗಳಿಂದ ಯಜ್ಞ ಮಾಡಬೇಕೆಂಬ ವಾಕ್ಯಕ್ಕೆ ಆಡುಗಳೆಂದು ಅರ್ಥ ಹೇಳತೊಡಗಿದನು. ಅಲ್ಲಿಗೆ ಬಂದ ನಾರದನು, ಅಜವೆಂದರೆ ಮತ್ತೆ ಮೊಳೆಯದ ಹಳೆಯ ಧಾನ್ಯವೆಂದು ಗುರುಗಳು ತಿಳಿಸಿದ್ದರೆಂದು ನೆನಪಿಸಿದನು. ವಿವಾದವು ರಾಜನಾದ ವಸುವಿನ ಮುಂದೆ ಬಂತು. ಸತ್ಯವಾದಿಯೆಂದು ಹೆಸರಾದ ವಸು. ಅವನ ಸ್ಫಟಿಕದ ಸಿಂಹಾಸನ ಆಕಾಶದಲ್ಲಿ ನಿಂತಂತೆ ಜನರಿಗೆ ತೋರುತ್ತಿತ್ತು. ಗುರುಪತ್ನಿ ಮಗನ ಮೇಲಿನ ಮೋಹದಿಂದ ಗುರುದಕ್ಷಿಣೆಯ ಋಣವನ್ನು ನೆನಪಿಸಿದಳು. ವಸುವಿಗೆ ನಿಜವಾದ ಅರ್ಥ ಗೊತ್ತಿತ್ತು. ಆದರೂ ಪರ್ವತನ ಪರವಾಗಿ ನುಡಿದನು. ಸಿಂಹಾಸನ ನೆಲಕ್ಕಿಳಿಯಿತು, ರಾಜನು ನರಕಕ್ಕಿಳಿದನು. ಆ ಒಂದು ಪದದ ಹೆಸರಿನಲ್ಲಿ ಹರಿದ ರಕ್ತದ ಲೆಕ್ಕವನ್ನು ಪುರಾಣಕಾರರು ಮುಂದೆ ವಿಸ್ತರಿಸುತ್ತಾರೆ.

ಭಾಷಾ ತರಗತಿಗೆ ಇದಕ್ಕಿಂತ ಹತ್ತಿರವಾದ ಕಥೆ ಸಿಗುವುದು ಕಷ್ಟ. ಮೂವರ ಉಚ್ಚಾರದಲ್ಲಿಯೂ ದೋಷವಿರಲಿಲ್ಲ. ‘ಅಜ’ ಎಂಬ ಎರಡಕ್ಷರವನ್ನು ಮೂವರೂ ಶುದ್ಧವಾಗಿಯೇ ನುಡಿದರು. ಒಬ್ಬನು ಅರ್ಥವನ್ನು ಕೆಡಿಸಿದನು. ಇನ್ನೊಬ್ಬನು ಅರ್ಥವನ್ನು ತಿಳಿದೂ ದಾಕ್ಷಿಣ್ಯಕ್ಕೆ ಮಾರಿದನು. ಮೂರನೆಯವನು ಸಭೆಯೆದುರು ಒಂಟಿಯಾಗಿ ನಿಂತು ಅದನ್ನು ಉಳಿಸಿದನು. ಸಾಮೂಹಿಕ ಪಠಣವು ಇವರ ಪೈಕಿ ಯಾರನ್ನು ರೂಪಿಸಿತೆಂದು ಹೇಳಬೇಕು? ನಾರದನ ಚಾರಿತ್ರ ಕಂಡದ್ದು ಅವನು ಇತರರೊಡನೆ ದನಿಗೂಡಿಸಿದಾಗಲ್ಲ. ಸಹಪಾಠಿಗಳಿಬ್ಬರೂ ಒಂದು ದನಿಯಾದಾಗ ತಾನು ಬೇರೆ ದನಿಯಾದುದರಲ್ಲಿ. ವಸುವಿನ ಪ್ರಸಂಗ ಇನ್ನೂ ಗಂಭೀರ. ಅವನಿಗೆ ಪಠಣವೂ ಇತ್ತು, ಅರ್ಥಜ್ಞಾನವೂ ಇತ್ತು. ಅರ್ಥ ತಿಳಿದರೆ ಶೀಲ ಬಂದೇಬರುತ್ತದೆಂದು ಭರವಸೆ ಕೊಡುವವರ ಬಾಯನ್ನೂ ಅವನು ಮುಚ್ಚಿಸುತ್ತಾನೆ. ಅರ್ಥವಿದ್ದರೆ ಚಾರಿತ್ರಕ್ಕೆ ದಾರಿಯಾದರೂ ಇದೆ. ಅರ್ಥವೇ ಇಲ್ಲದ ಪಠಣಕ್ಕೆ ಆ ದಾರಿಯೂ ಇಲ್ಲ.

ಆಗಮಪ್ರಮಾಣದಿಂದ ತೃಪ್ತರಾಗದೆ ಆಧುನಿಕ ಪರೀಕ್ಷೆಗಳನ್ನೇ ಕೇಳುವವರಿಗಾಗಿ ಅವನ್ನೂ ನೋಡಬಹುದು. ಜನರು ಒಂದೇ ಲಯದಲ್ಲಿ ಹೆಜ್ಜೆ ಹಾಕಿದರೆ, ಒಟ್ಟಾಗಿ ಹಾಡಿದರೆ, ಬಳಿಕ ಪರಸ್ಪರ ಹೆಚ್ಚು ಸಹಕರಿಸುತ್ತಾರೆಂದು ವಿಲ್ಟರ್‌ಮತ್ ಮತ್ತು ಹೀತ್ ಎಂಬ ಅಮೆರಿಕದ ಸಂಶೋಧಕರು 2009ರಲ್ಲಿ ಪ್ರಕಟಿಸಿದರು. ಪಠಣದ ಪಕ್ಷಪಾತಿಗಳು ಇದನ್ನು ಸಂತೋಷದಿಂದ ಎತ್ತಿಕೊಳ್ಳಬಹುದು. ಆದರೆ ಅದೇ ವಿಲ್ಟರ್‌ಮತ್ 2012ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗವನ್ನೂ ಅವರು ಓದಬೇಕು. ಜೊತೆಗಾರನೊಂದಿಗೆ ಲಯಗೂಡಿಸಿದವರು, ಆ ಜೊತೆಗಾರನು ಕೇಳಿಕೊಂಡಾಗ, ಸಣ್ಣ ಹುಳುಗಳನ್ನು ಕೊಲ್ಲುವ ಯಂತ್ರವೆಂದು ಹೇಳಲಾಗಿದ್ದ ಉಪಕರಣಕ್ಕೆ ಹುಳುಗಳನ್ನು ಹಾಕಲು ಇತರರಿಗಿಂತ ಹೆಚ್ಚು ಸುಲಭವಾಗಿ ಒಪ್ಪಿದರು. ಹುಳುಗಳನ್ನು! ನೀರನ್ನು ಸೋಸಿ ಕುಡಿಯುವ, ಸೂರ್ಯಾಸ್ತದ ಮೊದಲು ಊಟ ಮುಗಿಸುವ ಮನೆತನಗಳು ಈ ಒಂದು ವಾಕ್ಯವನ್ನು ಎರಡು ಸಲ ಓದಬೇಕು. ಒಕ್ಕೊರಲು ಬೆಳೆಸುವುದು ಹೊಂದಿಕೆಯನ್ನು. ಹೊಂದಿಕೆಯು ಯಾವುದರೊಡನೆ ಎಂಬುದನ್ನು ಒಕ್ಕೊರಲು ತಾನಾಗಿ ನಿರ್ಣಯಿಸುವುದಿಲ್ಲ. ದಯೆಯೊಡನೆ ಹೊಂದಿಕೊಂಡ ಗುಂಪೂ ಹಿಂಸೆಯೊಡನೆ ಹೊಂದಿಕೊಂಡ ಗುಂಪೂ ಕೇಳಲು ಒಂದೇ ತೆರನಾಗಿ ಇಂಪಾಗಿರುತ್ತವೆ.

ಅದಕ್ಕೂ ಬಹಳ ಹಿಂದೆ, ಹಾರ್ಟ್‌ಶಾರ್ನ್ ಮತ್ತು ಮೇ ಎಂಬವರು ಸಾವಿರಾರು ಶಾಲಾಮಕ್ಕಳ ಪ್ರಾಮಾಣಿಕತೆಯನ್ನು ನಾನಾ ಸನ್ನಿವೇಶಗಳಲ್ಲಿ ಪರೀಕ್ಷಿಸಿ 1928ರಿಂದ 1930ರವರೆಗೆ ಮೂರು ಸಂಪುಟಗಳನ್ನು ಹೊರತಂದರು. ಒಂದು ಸನ್ನಿವೇಶದಲ್ಲಿ ಪ್ರಾಮಾಣಿಕವಾಗಿದ್ದ ಮಗು ಇನ್ನೊಂದರಲ್ಲಿ ಮೋಸ ಮಾಡಬಲ್ಲುದೆಂದೂ, ನೀತಿವಾಕ್ಯಗಳ ತಿಳಿವಳಿಕೆಗೂ ನಡತೆಗೂ ಇರುವ ಸಂಬಂಧ ಬಹು ಸಡಿಲವೆಂದೂ ಅವರು ಕಂಡುಕೊಂಡರು. ವಸುರಾಜನ ಕಥೆ ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಕನ್ನಡ ನಾಡಿನ ಸ್ವಂತ ಪದ್ಧತಿಯಾದರೂ ಎಂಥದು? ಗಮಕದಲ್ಲಿ ಒಬ್ಬರು ಕಾವ್ಯವನ್ನು ವಾಚಿಸುತ್ತಾರೆ, ಮತ್ತೊಬ್ಬರು ವ್ಯಾಖ್ಯಾನಿಸುತ್ತಾರೆ. ವಾಚನವೆಷ್ಟು ಸೊಗಸಾಗಿದ್ದರೂ ವ್ಯಾಖ್ಯಾನಕಾರರಿಲ್ಲದಿದ್ದರೆ ಸಭೆ ತೃಪ್ತಿಪಡುವುದಿಲ್ಲ. ದಶಲಕ್ಷಣ ಪರ್ವದಲ್ಲಿ ತತ್ತ್ವಾರ್ಥಸೂತ್ರದ ಹತ್ತು ಅಧ್ಯಾಯಗಳನ್ನು ದಿನಕ್ಕೊಂದರಂತೆ ಪಠಿಸಿ ಅರ್ಥ ಹೇಳುವ ಸಂಪ್ರದಾಯವೂ ಅದೇ ಜಾತಿಯದು. ಹಿರಿಯರು ತಮಗಾಗಿ ಅರ್ಥವನ್ನು ಬೇಡುತ್ತಾರೆ. ಮಕ್ಕಳಿಗೆ ಮಾತ್ರ ಶಬ್ದ ಸಾಕೆನ್ನುತ್ತಾರೆ. ಶಬ್ದಮಾತ್ರ ಉಳಿದರೆ ಏನಾಗುತ್ತದೆಂಬುದಕ್ಕೆ ಉತ್ತರ ಭಾರತದ ಹಳೆಯ ಪಾಠಶಾಲೆಗಳಲ್ಲಿ ಒಂದು ಕರುಣಾಜನಕ ಸಾಕ್ಷಿಯಿದೆ. ಸಿದ್ಧರಿಗೆ ಸಲ್ಲಿಸುವ ‘ಓಂ ನಮಃ ಸಿದ್ಧಂ’ ಎಂಬ ವಂದನೆಯಿಂದ ಅಕ್ಷರಾಭ್ಯಾಸ ಆರಂಭವಾಗುತ್ತಿತ್ತು. ತಲೆಮಾರುಗಳು ಅದನ್ನು ಅರ್ಥವಿಲ್ಲದೆ ಕೂಗಿ ಕೂಗಿ, ಕೊನೆಗೆ ‘ಓನಾಮಾಸೀಧಮ್’ ಎಂಬ ಹುರುಳಿಲ್ಲದ ಒಂದು ಪದವಾಗಿ ಅದು ಹಿಂದಿಯಲ್ಲಿ ಉಳಿಯಿತು. ವಂದನೆ ಹೋಯಿತು, ಸಿದ್ಧರೂ ಮರೆಯಾದರು, ಸದ್ದು ನಿಂತಿತು.

ಇಷ್ಟಾದರೂ ಶಬ್ದಕ್ಕೇ ಮನ್ನಣೆ ದೊರೆಯುತ್ತಿರುವುದಕ್ಕೆ ಕಾರಣ ಸರಳವಾಗಿದೆ. ಪಠಣವನ್ನು ವೇದಿಕೆಯ ಮೇಲೆ ತೋರಿಸಬಹುದು, ಪೃಚ್ಛನೆಯನ್ನು ತೋರಿಸಲಾಗದು. ಪಠಣಕ್ಕೆ ಢಾಲು, ಪದಕ, ದಾನಿಗಳ ಹೆಸರು ಕೆತ್ತಿದ ಫಲಕ ಇವುಗಳನ್ನು ಕೊಡಬಹುದು. ಮೂರನೆಯ ಸಾಲಿನಲ್ಲಿ ಕುಳಿತ ಬಾಲಕಿಯೊಬ್ಬಳು ‘ಗುರುಗಳೇ, ಇದು ಹೇಗೆ ಸರಿ?’ ಎಂದು ಕೇಳಿದುದಕ್ಕೆ ಯಾರೂ ಪದಕ ಕೊಟ್ಟುದಿಲ್ಲ. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿ, ಅದನ್ನು ತಪ್ಪಿಲ್ಲದೆ ಹೇಳಿದವನಿಗೆ ಸಭೆಯಲ್ಲಿ ಹಾರ ಹಾಕಿ ಎರಡನೆಯದನ್ನು ಬೆಳೆಸುವ ಸ್ಪರ್ಧೆಗಳನ್ನು ಧರ್ಮಪ್ರಭಾವನೆಯೆಂದು ಕರೆಯುವುದು ವಿಚಿತ್ರವೇ ಸರಿ. ಬಹುಮಾನ ಬಾರದ ಮಗು ಮನೆಗೆ ಒಯ್ಯುವುದು ಯಾವ ಕಷಾಯವನ್ನೆಂದು ಪೋಷಕರು ಬಲ್ಲರು.

ಇದರ ಜೊತೆಗೆ ವಂಚನೆಯ ಒಂದು ಸೂಕ್ಷ್ಮ ಪಾಠವೂ ನಡೆಯುತ್ತದೆ. ನಲವತ್ತು ದನಿಗಳ ನಡುವೆ ಹತ್ತು ಮಕ್ಕಳು ತುಟಿಯನ್ನಷ್ಟೇ ಆಡಿಸಿ, ಪಾದದ ಕಡೆಯ ಅಕ್ಷರವನ್ನು ಮಾತ್ರ ಗಟ್ಟಿಯಾಗಿ ಹೇಳಿ ಪಾರಾಗುತ್ತಾರೆ. ಉಪಾಧ್ಯಾಯರಿಗೆ ಅದು ಗೊತ್ತು. ಸಮಾರಂಭ ಸಮೀಪಿಸಿರುವುದರಿಂದ ಸುಮ್ಮನಿರುತ್ತಾರೆ. ಶೀಲವನ್ನು ಕಲಿಸುವ ಅವಧಿಯಲ್ಲಿಯೇ, ತಿಳಿಯದುದನ್ನು ತಿಳಿದಂತೆ ತೋರಿಸುವ ವಿದ್ಯೆ ಹೀಗೆ ಸದ್ದಿಲ್ಲದೆ ಕರಗತವಾಗುತ್ತದೆ.

ಕರ್ನಾಟಕದಲ್ಲಿ 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದ ಪ್ರಕಾರ ಶಾಲೆಗಳು ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕಾಗಿದೆ. 2014ರ ಜನವರಿಯಲ್ಲಿ ಜೈನ ಸಮಾಜಕ್ಕೆ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಮಾನ್ಯತೆ ದೊರೆತುದರಿಂದ ತಮ್ಮ ವಿದ್ಯಾಸಂಸ್ಥೆಗಳನ್ನು ನಡೆಸುವ ವಿಷಯದಲ್ಲಿ ಟ್ರಸ್ಟುಗಳ ಹೊಣೆ ಇನ್ನಷ್ಟು ನೇರವಾಗಿದೆ. ಇಂಗ್ಲಿಷ್ ಮಾಧ್ಯಮದ ಕಟ್ಟಡಗಳಿಗೆ ಲಕ್ಷಾಂತರ ರೂಪಾಯಿ ವೆಚ್ಚ ಮಾಡುವ ಧರ್ಮದರ್ಶಿಗಳು, ಪಂಪ ಜನ್ನ ರತ್ನಾಕರರನ್ನು ಅನ್ವಯ ಸಹಿತ ಬಿಡಿಸಿ ಹೇಳಬಲ್ಲ ಒಬ್ಬ ಕನ್ನಡ ಪಂಡಿತರನ್ನು ಪೂರ್ಣವೇತನದ ಮೇಲೆ ನೇಮಿಸಲು ಹಿಂದೆಮುಂದೆ ನೋಡುವುದುಂಟು. ಪಠಣ ಮಾಡಿಸಲು ಪಂಡಿತರು ಬೇಕಾಗಿಲ್ಲ. ಧ್ವನಿಮುದ್ರಿಕೆ ಸಾಕು, ಈಗ ಮೊಬೈಲು ಸಾಕು. ಪಠಣದ ಮೇಲಿನ ಈ ಭಕ್ತಿಯಲ್ಲಿ ಮಿತವ್ಯಯದ ಪಾಲೆಷ್ಟೆಂಬುದನ್ನು ಟ್ರಸ್ಟಿನ ಲೆಕ್ಕಪತ್ರಗಳೇ ಹೇಳಬಲ್ಲವು.

ಮಾಡಬಹುದಾದುದು ಕಠಿಣವೇನಲ್ಲ. ವಾರಕ್ಕೆ ಹತ್ತು ಪದ್ಯಗಳ ಬದಲು ಎರಡೇ ಪದ್ಯಗಳು ಸಾಕು. ಮೊದಲು ಪದವಿಭಾಗ, ಅನ್ವಯ, ಅರ್ಥ. ಆಮೇಲೆ ಮಕ್ಕಳ ಪ್ರಶ್ನೆಗಳಿಗೆ ಒಂದು ಪೂರ್ಣ ಅವಧಿ, ಉತ್ತರ ತಿಳಿಯದ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದು ಉಳಿಸುವ ಸ್ವಾತಂತ್ರ್ಯ ಸಹಿತ. ಅನಂತರ ಎಂಟು ಹತ್ತು ಮಕ್ಕಳ ಸಣ್ಣ ಗುಂಪುಗಳಲ್ಲಿ ಪಠಣ, ಪ್ರತಿಯೊಂದು ಕೊರಳೂ ಕೇಳಿಸುವಂತೆ. ಸಭೆಯಲ್ಲಿ ಹೇಳಿಸುವುದಾದರೆ ಪದ್ಯದೊಡನೆ ಅದರ ತಾತ್ಪರ್ಯವನ್ನು ಮಗುವೊಂದು ತನ್ನದೇ ಮಾತಿನಲ್ಲಿ ಹೇಳಲಿ, ತಪ್ಪಿದರೆ ತಪ್ಪಲಿ.

ಯಾವ ಬಗೆಯ ಪ್ರಶ್ನೆ ಏಳಬೇಕೆಂಬುದಕ್ಕೆ 1209ರಲ್ಲಿ ರಚಿತವಾದ ಜನ್ನನ ಯಶೋಧರ ಚರಿತೆಯೇ ಸಾಕು. ಅದು ಬಹುತೇಕ ಕಂದಪದ್ಯಗಳಲ್ಲಿಯೇ ಇದೆ, ಒಕ್ಕೊರಲಿಗೆ ಹೇಳಿ ಮಾಡಿಸಿದಂತಿದೆ. ಅಲ್ಲಿ ಯಶೋಧರನು ತಾಯಿಯ ಒತ್ತಾಯಕ್ಕೆ ಮಣಿದು ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಒಂದು ಜೀವವೂ ಕತ್ತಿಗೆ ಸಿಕ್ಕಲಿಲ್ಲ. ಆದರೂ ತಾಯಿ ಮಕ್ಕಳಿಬ್ಬರೂ ಜನ್ಮಜನ್ಮಾಂತರಗಳಲ್ಲಿ ಪಶುಪಕ್ಷಿಗಳಾಗಿ ತೊಳಲಿದರು. ಕತ್ತಿಯ ಹೊರಗಿನ ಚಲನೆಯಲ್ಲ, ಒಳಗಿನ ಸಂಕಲ್ಪವೇ ಹಿಂಸೆಯೆಂದು ಆ ಕಾವ್ಯ ಸಾಧಿಸುತ್ತದೆ. ಹಾಗಾದರೆ ಸಂಕಲ್ಪವಿಲ್ಲದೆ ತುಟಿಯಿಂದ ಹೊರಟ ಅಹಿಂಸೆಯ ಪದ್ಯ ಏನಾಗುತ್ತದೆ, ಅದೂ ಹಿಟ್ಟಿನದೇ ಅಲ್ಲವೇ ಎಂದು ಎಂಟನೆಯ ತರಗತಿಯ ಮಗುವೊಂದು ಎದ್ದು ಕೇಳಬಹುದು. ಆಗ ಉಪಾಧ್ಯಾಯರು ಅದನ್ನು ಕುಳ್ಳಿರಿಸದೆ, ಉಳಿದವರತ್ತ ತಿರುಗಿ ಉತ್ತರವನ್ನು ಹುಡುಕಿಸಲಿ. ಅಂದಿನ ಪಠಣ ಮರುದಿನಕ್ಕೆ ಮುಂದುವರಿದರೆ ಯಾವ ಟ್ರಸ್ಟಿಗೂ ನಷ್ಟವಿಲ್ಲ.